ಬ್ರಿಗೇಡಿಯರ್ ಎದುರು ನಿಂತವಳು

"ಗಡಿ ಕಾದವರ ಎದುರು ಚುನಾವಣೆಗೆ ನಿಂತಿದ್ದೀಯಲ್ಲಮ್ಮ, ನಿಂಗೆ ಮನಸ್ಸಾದ್ರೂ ಹೆಂಗೆ ಬಂತು?" ಊರ ವರಸೆಯಲ್ಲಿ ಮಾವನಾಗುವ ಸೊಣ್ಣಪ್ಪ ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಕೂಗಾಡುತ್ತಿದ್ದ. "ನಾಮಪತ್ರ ವಾಪಸ್ ತಗೊಳ್ಳೋಕೆ ಇವತ್ತೇ ಕಡೇ ದಿನ."

"ಗಡಿ ಕಾದಿಲ್ಲ ಅಂತ ನಾನೆಲ್ಲಿ ಅಂದೆ ಮಾವ? ಸೆಲ್ಯೂಟ್ ಹೊಡೀತೀನಿ. ವೋಟು ಬೇರೆ," ಎಂದಳು ಶಿಲ್ಪ. ಹಸುವಿನ ಕೆಚ್ಚಲಿನಿಂದ ಕೈ ತೆಗೆಯಲಿಲ್ಲ.

ಸೂಲಿಬೆಲೆ ಪಕ್ಕದ ಆ ಹಳ್ಳಿಯ ಹಾಲಿನ ಡೇರಿಯಲ್ಲಿ ನಿರ್ದೇಶಕರ ಸ್ಥಾನವೊಂದು ಖಾಲಿಯಿತ್ತು. ಶಿಲ್ಪಳಿಗೆ ಅದು ಬೇಕೇ ಬೇಕಿತ್ತು. ಹಾಲಿನ ಫ್ಯಾಟು, ಅಂದರೆ ಜಿಡ್ಡು, ನೋಡುವ ಯಂತ್ರ ಹೆಂಗಸರು ತಂದ ಹಾಲಿಗೆ ಮಾತ್ರ ಯಾಕೋ ಯಾವಾಗಲೂ ಕಡಿಮೆ ತೋರಿಸುತ್ತಿತ್ತು; ದುಡ್ಡೂ ಅಷ್ಟೇ ಕಡಿಮೆ ಸಿಗುತ್ತಿತ್ತು. ಕೇಳಿದರೆ ಹಸುವಿನ ಮೇಲೆ ತಪ್ಪು ಹೊರಿಸುತ್ತಿದ್ದರು. ಒಳಗೇ ಹೋಗಿ ಕೂತು ಕೇಳಬೇಕೆಂಬುದು ಅವಳ ಹಟ.

ಅಷ್ಟರಲ್ಲಿ ಬ್ರಿಗೇಡಿಯರ್ ಉಮಾಶಂಕರ್ ನಿವೃತ್ತರಾಗಿ ತಾತನ ಜಮೀನಿಗೆ ಬಂದರು. ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕತೊಡಗಿದರು. ಊರಿಗೆ ಹುಚ್ಚು ಹಿಡಿಯಿತು. ಬೋರ್‌ವೆಲ್ ಎಲ್ಲಿ ಕೊರೆಸಬೇಕು, ಮಗಳನ್ನು ಯಾವ ಮನೆಗೆ ಕೊಡಬೇಕು, ಎಲ್ಲವನ್ನೂ ಅವರನ್ನೇ ಕೇಳುತ್ತಿದ್ದರು. ಡೇರಿಗೆ ನಿಲ್ಲುತ್ತೀರಾ ಎಂದು ಮಾತ್ರ ಯಾರೂ ಕೇಳಲಿಲ್ಲ. ಅಷ್ಟು ದೊಡ್ಡವರನ್ನು ಹಾಗೆಲ್ಲ ಕೇಳುವುದು ಮರ್ಯಾದೆಯೇ? ಹಾರ ಹಾಕಿ, ಸೆಲ್ಯೂಟ್ ಹೊಡೆದು, ನಾಮಪತ್ರಕ್ಕೆ ಸಹಿ ಹಾಕಿಸಿಕೊಂಡು ಬಂದರು.

ಶಿಲ್ಪಳ ಅತ್ತೆ ಅಕ್ಕಯಮ್ಮನೇ ಅರಳಿಕಟ್ಟೆಯಲ್ಲಿ ಎಲ್ಲರೆದುರು, "ನನ್ನ ವೋಟು ಸಾಹೇಬ್ರಿಗೆ," ಎಂದು ಸಾರಿಬಿಟ್ಟಳು. ಕೇಳಿದ ಶಿಲ್ಪಳಿಗೆ ಅಳುವೇ ಬಂತು. ಆದರೂ ನಾಮಪತ್ರ ವಾಪಸ್ ಪಡೆಯಲಿಲ್ಲ.

ಮತದಾನದ ಹಿಂದಿನ ದಿನ ಬೆಳಿಗ್ಗೆ ಬ್ರಿಗೇಡಿಯರ್ ಒಬ್ಬರೇ ಅವಳ ಕೊಟ್ಟಿಗೆಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟರು.

"ಅಮ್ಮ, ಈ ಫ್ಯಾಟು ಅಂದ್ರೆ ಏನು?"

ಶಿಲ್ಪ ದಂಗಾದಳು. "ಗೊತ್ತಿಲ್ದೇನೇ ನಿಂತ್ರಾ ಸರ್?"

"ಗೊತ್ತಿಲ್ಲ ಅಂತ ಹೇಳಿದೆ. ಸಾಹೇಬ್ರದ್ದು ದೊಡ್ಡ ಗುಣ ಅಂದ್ರು. ವಾಪಸ್ ತಗೋತೀನಿ ಅಂದೆ. ಸೊಣ್ಣಪ್ಪ ಅತ್ತುಬಿಟ್ಟ."

ಅವಳಿಗೆ ನಗು ತಡೆಯಲಾಗಲಿಲ್ಲ. ಫ್ಯಾಟು ಎಂದರೇನು, ಹೆಂಗಸರ ಹಾಲಿಗೆ ಏನಾಗುತ್ತಿದೆ, ಎಲ್ಲ ಹೇಳಿದಳು. ಅವರು ಕುಕ್ಕರಗಾಲಲ್ಲಿ ಕೂತು ಕೇಳಿದರು. ಹಸು ಬಾಲದಿಂದ ಮುಖಕ್ಕೆ ಬಾರಿಸಿದರೂ ಏಳಲಿಲ್ಲ. ಕೊನೆಗೆ ಕೇಳಿದರು: "ಆ ಯಂತ್ರದ ಅಂಕಿ ತೋರ್ಸೋ ಮುಖಾನ ಹಾಲು ಹಾಕೋರ ಕಡೆಗೆ ತಿರುಗಿಸಿಟ್ರೆ ಆಗಲ್ವಾ?"

ಶಿಲ್ಪ ಹಾಲು ಕರೆಯುವುದನ್ನು ನಿಲ್ಲಿಸಿದಳು. ಇಷ್ಟು ವರ್ಷ ಯಾರಿಗೂ, ತನಗೂ, ಇದು ಹೊಳೆದಿರಲಿಲ್ಲ.

ಮರುದಿನ ಡೇರಿಯ ಮುಂದೆ ಜಾತ್ರೆಯೇ ನೆರೆದಿತ್ತು. ಸಾಹೇಬರು ಬಂದೊಡನೆ ಸಾಲು ಸರಿದು ದಾರಿ ಬಿಟ್ಟಿತು. ಅವರು ಮುಂದೆ ಹೋಗದೆ ಬಾಲದಲ್ಲಿ ನಿಂತರು. ಜನ ಅದಕ್ಕೂ ಸೆಲ್ಯೂಟ್ ಹೊಡೆದರು. ತನ್ನ ಸರದಿ ಬಂದಾಗ ಶಿಲ್ಪ ಒಳಗೆ ಹೋದಳು, ಸ್ವಲ್ಪ ಹೊತ್ತು ತಡೆದು ಬಂದಳು. ಸೋಲುವವರ ಮುಖ ಅಷ್ಟು ತಿಳಿಯಾಗಿರುವುದಿಲ್ಲ. ಸೊಣ್ಣಪ್ಪನಿಗೆ ಅದೊಂದು ಅನುಮಾನ ಬಂತು.

ಸಂಜೆ ಎಣಿಕೆ ಮುಗಿಯಿತು. ಸೊಣ್ಣಪ್ಪ ಇನ್ನೊಮ್ಮೆ ಎಣಿಸಿ ಎಂದ. ಎಣಿಸಿದರು. ಬದಲಾಗಲಿಲ್ಲ. ಸಾಹೇಬರಿಗೆ ಒಂದು ವೋಟು, ಮಿಕ್ಕಿದ್ದಷ್ಟೂ ಶಿಲ್ಪಳಿಗೆ.

"ಸಾಹೇಬ್ರು ಹೆಂಗಿದ್ರೂ ಗೆಲ್ತಾರೆ, ನಂದೊಂದು ನಿಂಗಿರ್ಲಿ ಅಂತ ಹಾಕ್ದೆ ಕಣೆ," ಎಂದು ಅಕ್ಕಯಮ್ಮ ಸೊಸೆಯ ಕಿವಿಯಲ್ಲಿ ಉಸುರಿದಳು. "ಅದೂ ಅಲ್ದೆ, ಫ್ಯಾಟು ಕಮ್ಮಿ ಬಂದ್ರೆ ನಿನ್ನ ಜುಟ್ಟು ಹಿಡ್ಕೊಂಡು ಕೇಳ್ಬೋದು. ಅವ್ರನ್ನ ಬಯ್ಯೋಕಾಯ್ತದಾ?"

ಇಡೀ ಊರು ಗುಟ್ಟಾಗಿ ಹಾಕಿದ್ದು ಇದೇ ಲೆಕ್ಕ.

ಈಗ ಸಾಹೇಬರಿಗೆ ಮುಖ ತೋರಿಸುವುದು ಹೇಗೆ? ಮೊದಲು ಸೊಣ್ಣಪ್ಪ ಅವರ ಮನೆಗೆ ಓಡಿದ. "ಆ ಒಂದು ವೋಟು ನಂದೇ ಸರ್, ನಮ್ಮಪ್ಪನಾಣೆ." ಅವನ ಬೆನ್ನಿಗೇ ಗೋಪಾಲಪ್ಪ ಬಂದ, ಅದು ತನ್ನದೆಂದ. ಆಮೇಲೆ ಕಾಂತರಾಜು, ಲಕ್ಷ್ಮೀದೇವಮ್ಮ, ಆವಲಪ್ಪ. ಜಗಲಿ ತುಂಬಿತು. ಒಂದು ವೋಟಿಗೆ ಜಗಳವೇ ಹತ್ತಿತು. ಬ್ರಿಗೇಡಿಯರ್ ಬಂದವರಿಗೆಲ್ಲ ಕೈಮುಗಿದು, "ನಿಮ್ಮ ಉಪಕಾರ ಮರೆಯಲ್ಲ," ಎನ್ನುತ್ತಿದ್ದರು. ಅವರ ಮುಖದಲ್ಲಿ ಇಷ್ಟು ಸಂತೋಷವನ್ನು ಊರು ನೋಡಿಯೇ ಇರಲಿಲ್ಲ.

ಕಾಂತರಾಜು ತಾಳ್ಮೆಗೆಟ್ಟ. "ಯಾಕ್ ಸುಮ್ನೆ ಕಿತ್ತಾಡ್ತೀರ? ಸಾಹೇಬ್ರು ತಮಗೆ ತಾವೇ ಹಾಕ್ಕೊಂಡಿರೋದು ಅದು!"

"ಇಲ್ಲಪ್ಪ," ಎಂದರು ಬ್ರಿಗೇಡಿಯರ್. "ನಾನು ಶಿಲ್ಪಂಗೆ ಹಾಕಿದ್ದು."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಹಿಂದೆ, ಅಂಗಳದಲ್ಲಿ ನಿಂತಿದ್ದ ಹೊಸ ನಿರ್ದೇಶಕಿ ಮಾತ್ರ ತಲೆ ಎತ್ತಲಿಲ್ಲ.

ಆ ಒಂದು ವೋಟು ಹಾಕಿದವಳು ಶಿಲ್ಪ.