ಸೊಟ್ಟ ಜೇಬು

"ಇವನು ನನ್ನ ಮಗ ಅಲ್ಲ," ಎಂದು ಅತ್ತೆ ಕಂಪ್ಯೂಟರ್ ಪರದೆಯಿಂದ ಮುಖ ತಿರುಗಿಸಿದರು. ಸೊಸೆಗೆ ರೇಗಿತು. ತೀರಿಕೊಂಡ ಗಂಡನ ಚಿತ್ರವನ್ನು ಅವಳು ಕಂಪ್ಯೂಟರಿನಲ್ಲೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೆದಿದ್ದಳು. ಅಂಗಿಗೆ ಬರೀ ಬಣ್ಣ ಬಳಿದು ಕೈತೊಳೆದುಕೊಂಡಿರಲಿಲ್ಲ. ಅವನ ಚೌಕಳಿ ಅಂಗಿಯ ಬೆನ್ನನ್ನೇ ಸ್ಕ್ಯಾನ್ ಮಾಡಿ, ಆ ಬಟ್ಟೆಯನ್ನು ಒಂದು ಲೇಯರ್ ಆಗಿ ಚಿತ್ರದ ಮೇಲೆ ಹಾಸಿದ್ದಳು. ನೂಲಿನ ಎಳೆ ಕೂಡ ಕಾಣುತ್ತಿತ್ತು. ಜೇಬಿಗೆ ಆ ಬಟ್ಟೆಯ ಮೇಲೇ ಬರೀ ಅಂಚು ಎಳೆದಿದ್ದಳು.

"ಮತ್ತೆ ಪಕ್ಕದ ಮನೆಯವರ ಮಗನಾ? ಏನು ತಪ್ಪಾಗಿದೆ ಹೇಳಿ ಅತ್ತೆ, ಸುಮ್ಮನೆ ಮೂತಿ ತಿರುಗಿಸಬೇಡಿ."

"ಜೇಬು ನೋಡು. ಗೆರೆಗೆ ಗೆರೆ ಕೂಡಿಬಿಟ್ಟಿದೆ. ಆ ಅಂಗಿ ಹೊಲಿದವಳು ನಾನು, ಜೇಬು ಸೊಟ್ಟ ಕೂತಿತ್ತು. ಬಿಚ್ಚಿ ಹೊಲೀತೀನಿ ಕೊಡೋ ಅಂದ್ರೆ ಕೊಡಲಿಲ್ಲ ಪುಣ್ಯಾತ್ಮ. 'ಅಮ್ಮ ಕನ್ನಡಕ ಮರೆತ ದಿನದ ಅಂಗಿ' ಅಂತ ಊರಿಗೆಲ್ಲ ತೋರಿಸಿಕೊಂಡು ಬಂದ."

ಸೊಸೆ ಜೇಬಿನಷ್ಟೇ ಬಟ್ಟೆಯನ್ನು ಕತ್ತರಿಸಿ ಬೇರೆ ಲೇಯರ್ ಮಾಡಿ, ಮೆಲ್ಲಗೆ ವಾಲಿಸಿದಳು. ಗೆರೆಗಳು ಒಂದಕ್ಕೊಂದು ತಪ್ಪಿದವು.

"ಇನ್ನೂ ಸ್ವಲ್ಪ," ಎಂದರು ಅತ್ತೆ. ಅವರ ಬೆರಳು ಪರದೆಯ ಮೇಲಿನ ಜೇಬನ್ನು ಮುಟ್ಟಿತು.

"ಸಾಕು. ಬಂದ ನನ್ನ ಮಗ."