ಬಾಗಿಲಿನ ಲೆಕ್ಕ

ಬಟ್ಟೆಗೆ ಹಾಕುವ ಕ್ಲಿಪ್ಪು, ಚಾಕಲೇಟಿನ ಬೆಳ್ಳಿ ಕಾಗದ, ಎರಡು ತಂತಿ, ಒಂದು ಹಳೆಯ ಕ್ಯಾಲ್ಕುಲೇಟರು. ಇಷ್ಟರಲ್ಲೇ ವಸುಧಾಳ ಗಂಡ ಆ ಯಂತ್ರ ಮಾಡಿ ಮುಂಬಾಗಿಲಿಗೆ ಕೂರಿಸಿದ್ದ. ಬಾಗಿಲು ಒಮ್ಮೆ ತೆರೆದರೆ ಅಂಕಿ ಒಂದು ಏರುತ್ತಿತ್ತು. ಅವಳು ಮುಟ್ಟದಂತೆ ಅದನ್ನು ಡಬ್ಬಿಯಲ್ಲಿಟ್ಟು ಬೀಗ ಹಾಕಿ, ಅಂಕಿ ಕಾಣುವಷ್ಟೇ ಕಿಂಡಿ ಕೊರೆದಿದ್ದ. ಕಳ್ಳರಿಗಾಗಿ ಎಂದು ನೆರೆಯವರಿಗೆ ಹೇಳಿದ್ದ.

"ನಿಮ್ಮೆಜಮಾನ್ರ ತಲೆಯೇ ತಲೆ ಕಣ್ರೀ," ಎಂದು ಅವರೆಲ್ಲ ವಸುಧಾಳನ್ನು ಅಭಿನಂದಿಸಿದ್ದರು.

ಅಂದು ಸಂಜೆ, ಅವನು ಹೋಗಿ ಬಂದದ್ದು ಬಿಟ್ಟು ಅಂಕಿ ಎರಡು ಏರಿತ್ತು.

"ಎಲ್ಲಿಗೆ ಹೋಗಿದ್ದೆ?"

"ಎಲ್ಲಿಗೂ ಇಲ್ಲ ರೀ. ಕೊರಿಯರ್‌ನವನು ಬಂದಿದ್ದ."

"ನನಗೇ ಲೆಕ್ಕ ಹೇಳ್ಕೊಡ್ತೀಯಾ? ಒಂದು ಅಂದ್ರೆ ಬಾಗಿಲಲ್ಲಿ ನಿಂತು ಯಾರನ್ನೋ ಕಳಿಸಿದ್ದು. ಎರಡು ಅಂದ್ರೆ ಹೋಗಿ ಬಂದದ್ದು. ಯಂತ್ರ ಸುಳ್ಳು ಹೇಳಲ್ಲ."

ವಸುಧಾ ತಲೆ ತಗ್ಗಿಸಿದಳು. ಪಕ್ಕದ ಬೀದಿಯವರೆಗೆ ಸುಮ್ಮನೆ ನಡೆದು ಬಂದಿದ್ದಳು, ಅಷ್ಟೆ.

"ನಾಳೆಯೂ ಎರಡಾಗಿದ್ರೆ, ನಾಡಿದ್ದಿನಿಂದ ಹೊರಗಡೆಯಿಂದ ಬೀಗ ಹಾಕ್ಕೊಂಡು ಹೋಗ್ತೀನಿ. ಗೊತ್ತಾಯ್ತಾ?"

"ಗೊತ್ತಾಯ್ತು. ಎರಡಾಗಲ್ಲ."

ಮರುದಿನ ಮಧ್ಯಾಹ್ನ ಎಂದಿನಂತೆ ಆಫೀಸಿನಿಂದ ಅವನ ಫೋನು ಬಂತು.

"ನಾನು ಹೊರಟದ್ದು ಬಿಟ್ಟು ಎಷ್ಟಾಗಿದೆ?"

"ಒಂದು."

"ಒಂದೇ ತಾನೆ? ಸಂಜೆ ಬಂದು ನೋಡ್ತೀನಿ."

"ನೋಡಿ. ಆಗಲೂ ಒಂದೇ ಇರುತ್ತೆ," ಎಂದು ವಸುಧಾ ಫೋನು ಚೀಲಕ್ಕೆ ಹಾಕಿ, ಬಸ್ಸಿನ ಕಂಡಕ್ಟರು ಕೊಟ್ಟ ಟಿಕೆಟನ್ನು ಕೈಗೆ ತೆಗೆದುಕೊಂಡಳು.