ಎಡಗೇಟು

ಅಣೆಕಟ್ಟಿನಲ್ಲಿ ನೀರು ಅಂಚು ಮುಟ್ಟಿತ್ತು. ಎಡಗೇಟು ತೆಗೆದರೆ ನೀರು ಖಾಲಿ ಬಯಲಿಗೆ ಹರಿದುಹೋಗುತ್ತಿತ್ತು. ಬಲಗೇಟಿನ ಕೆಳಗಿನ ಸೇತುವೆಯ ಮೇಲೆ ಊರು ಬಿಟ್ಟ ಜನ ಇನ್ನೂ ದಾಟುತ್ತಿದ್ದರು. ಆಪರೇಟರ್ ಚನ್ನವೀರನ ಹೆಂಡತಿಯೂ ಅವರಲ್ಲಿದ್ದಳು.

ಗೇಟುಗಳನ್ನು ನಡೆಸುತ್ತಿದ್ದುದು ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಹಳೆಯ ಪ್ರೋಗ್ರಾಮು. ಅದರ ಪಟ್ಟಿಯಲ್ಲಿ ಪ್ರತಿ ಗೇಟಿನ ಹೆಸರಿನ ಎದುರು ಅದನ್ನು ಎತ್ತುವ ಆಜ್ಞೆಯಿತ್ತು. ಇಂಜಿನಿಯರ್ ವೈಜಯಂತಿ ‘ಎಡ’ ಎಂದು ಒತ್ತಿದಳು. ಆಜ್ಞೆ ಪರದೆಯ ಮೇಲೆ ಮೂಡಿತು, ಗೇಟು ಮಾತ್ರ ಅಲ್ಲಾಡಲಿಲ್ಲ.

“ಮೇಡಂ, ಏನಾದ್ರೂ ಮಾಡಿ! ಕಟ್ಟೆ ಬಿರುಕು ಬಿಡ್ತಿದೆ!”

“ಪಟ್ಟಿಯ ಮುಂದೆ ಒಂದು ಚಿಹ್ನೆ ಇದೆ, ಚನ್ನವೀರ. ಅದು ಇರೋವರೆಗೂ ಒಳಗಿರೋ ಆಜ್ಞೆಗಳೆಲ್ಲ ಬರೀ ಬರಹ, ಕೆಲಸ ಮಾಡಲ್ಲ.”

“ಹಾಗಾದ್ರೆ ಅದನ್ನ ತೆಗೆದುಹಾಕಿ!”

ಅವಳು ಚಿಹ್ನೆಯನ್ನು ಅಳಿಸಿ, ಯಂತ್ರಕ್ಕೆ ಇಡೀ ಪಟ್ಟಿಯನ್ನು ಮತ್ತೆ ಓದಿಸಿದಳು. ಯಾವ ಹೆಸರನ್ನೂ ಒತ್ತುವ ಮೊದಲೇ ಎಡಗೇಟು ಗುಡುಗುತ್ತ ಮೇಲೆದ್ದಿತು. ಚನ್ನವೀರ ಕೈಮುಗಿದು ಅತ್ತೇಬಿಟ್ಟ.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಹೆಂಡತಿ ಸೇತುವೆಯ ಮೇಲಿಂದ ಕಿರುಚುತ್ತಿದ್ದಳು: “ರೀ, ಈ ಕಡೆ ಗೇಟೂ ಯಾಕ್ರೀ ತೆಗೆದ್ರಿ?”